ಕುಕ್ಕರಹಳ್ಳಿ ಕೆರೆ ದಾರಿಯ ಮರದ ಬುಡದಲ್ಲಿ ಗಟ್ಟಿ ಅಣಬೆ: ಯಾವುದಿದು, ಮರಕ್ಕೆ ಅಪಾಯ ಇದೆಯಾ?

ಕೆರೆದಂಡೆ_ವಾಕರ್
ಎಲ್ಲರಿಗೂ ನಮಸ್ಕಾರ. ದಸರಾ ಮುಗಿದ ಮೇಲೆ ಬಂದ ಮಳೆಗೆ ಕುಕ್ಕರಹಳ್ಳಿ ಕೆರೆ ಸುತ್ತಿನ ಮರಗಳಲ್ಲಿ ಗಟ್ಟಿ ಅಣಬೆ ಸಿಕ್ಕಾಪಟ್ಟೆ ಎದ್ದಿದೆ. ಛತ್ರಿ ಆಕಾರದ್ದಲ್ಲ. ಕಾಂಡಕ್ಕೆ ಒಂದು ಪಕ್ಕದಿಂದ ಅಂಟಿಕೊಂಡು ಹೊರಗೆ ಚಾಚಿರುತ್ತಲ್ಲ, ಆ ಬ್ರಾಕೆಟ್ ಅಣಬೆ. ಫೋಟೊ ಅಪ್‌ಲೋಡ್ ಆಗುತ್ತಲೇ ಇಲ್ಲ, ಹಾಗಾಗಿ ಬರೆದೇ ಹೇಳುತ್ತೇನೆ.

ದೊಡ್ಡದು ಒಂದು ಹಳೇ ಮರದ ಬುಡದಲ್ಲಿದೆ, ನೆಲದಿಂದ ಗೇಣು ಎತ್ತರದಲ್ಲಿ. ಅಂಗೈಗಿಂತ ಅಗಲ, ಮೇಲೆಲ್ಲ ಕಂದು ಧೂಳು, ಅಂಚು ಮಾತ್ರ ಬಿಳಿ. ಮರ ಇನ್ನೂ ಹಸಿರಾಗಿಯೇ ಇದೆ. ಇನ್ನೊಂದು ಬಿದ್ದ ಕೊಂಬೆಯ ಮೇಲಿದೆ. ತೆಳ್ಳಗಿದೆ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ಮೂರನೆಯದು ಉಗುರಿನಷ್ಟು ಚಿಕ್ಕದು, ಬೂದು ಬಿಳಿ, ಮೈಮೇಲೆ ರೋಮ.

ದೊಡ್ಡದನ್ನು ಮೊಬೈಲ್ ಆ್ಯಪ್ 'ಬರ್ಚ್ ಪಾಲಿಪೋರ್' ಅಂದಿತು. ಸರಿಯಾ? ಜನ ಓಡಾಡುವ ದಾರಿ ಅದು, ಮರ ಬಿದ್ದುಗಿದ್ದೀತು ಅಂತ ಕೇಳುತ್ತಿದ್ದೇನೆ.

ಸರಸ್ವತಿಪುರಂ_ಹುಡುಗ
ಆ್ಯಪ್ ಹೇಳಿದ ಮೇಲೆ ಮುಗೀತು ಬಿಡಿ ಸಾರ್. ಹಕ್ಕಿ ವಿಷಯದಲ್ಲಿ ನನಗೆ ಇಲ್ಲಿವರೆಗೂ ತಪ್ಪು ಹೇಳಿಲ್ಲ.

ಗಂಗೋತ್ರಿ_ಹಳಬ
ಹಕ್ಕಿಯೇ ಬೇರೆ, ಅಣಬೆಯೇ ಬೇರೆ. ಬರ್ಚ್ ಪಾಲಿಪೋರ್‌ಗೆ ಬರ್ಚ್ ಮರವೇ ಬೇಕು. ನಮ್ಮ ದೇಶದಲ್ಲಿ ಬರ್ಚ್ ಅಂದರೆ ಹಿಮಾಲಯದ ಭೂರ್ಜ. ಮೈಸೂರಿನ ಕೆರೆ ದಂಡೆಗೆ ಅದೆಲ್ಲಿಂದ ಬರಬೇಕು? ಆ್ಯಪ್‌ಗಳಿಗೆ ಯುರೋಪು, ಅಮೆರಿಕದ ಫೋಟೊಗಳೇ ಜಾಸ್ತಿ ಸಿಕ್ಕಿರುತ್ತವೆ. ಅಲ್ಲಿಯ ಹೆಸರನ್ನೇ ನಮಗೂ ಅಂಟಿಸುತ್ತವೆ.

ವಾಕರ್ ಅವರೇ, ನೀವು ಮೇಲ್ಭಾಗವನ್ನಷ್ಟೇ ವರ್ಣಿಸಿದ್ದೀರಿ. ಬ್ರಾಕೆಟ್ ಅಣಬೆ ಗುರುತಿಸೋಕೆ ಮೇಲ್ಭಾಗ ಅರ್ಧ ಸಾಕ್ಷಿಯೂ ಅಲ್ಲ. ಮಳೆ, ಬಿಸಿಲು, ಪಾಚಿ, ವಯಸ್ಸು ಎಲ್ಲ ಸೇರಿ ಒಂದೇ ಅಣಬೆಯನ್ನು ನಾಲ್ಕು ಬಣ್ಣದಲ್ಲಿ ತೋರಿಸುತ್ತವೆ. ಕೆಳಭಾಗ ನೋಡಿ. ರಂಧ್ರ ಇದೆಯಾ, ಗೀರುಗಳಿವೆಯಾ, ನುಣುಪಾ? ರಂಧ್ರ ಬರಿಗಣ್ಣಿಗೆ ಕಾಣುತ್ತಾ? ಬೆರಳಿನಿಂದ ಗೀಚಿದರೆ ಬಣ್ಣ ಬದಲಾಗುತ್ತಾ? ಮರ ಯಾವುದು? ಇಷ್ಟು ಹೇಳಿದರೆ ಮುಂದೆ ಮಾತಾಡಬಹುದು.

ಸರಸ್ವತಿಪುರಂ_ಹುಡುಗ
ಬಗ್ಗಿ ಮಲಗಿ ನೋಡಬೇಕಾ ಹಾಗಾದರೆ? ಬೆಳಗ್ಗೆ ಆರು ಗಂಟೆಗೆ ಜನ ಏನಂದುಕೊಳ್ಳುತ್ತಾರೆ 😄

ಜೀವಶಾಸ್ತ್ರ_ಟೀಚರ್
ಮಲಗೋದು ಬೇಡಪ್ಪ. ಮೊಬೈಲನ್ನು ಸೆಲ್ಫಿ ಮೋಡ್‌ಗೆ ಹಾಕಿ ಅಣಬೆಯ ಕೆಳಗೆ ಹಿಡಿ. ಎಲ್ಲ ಕಾಣುತ್ತೆ, ಕೀಳೋದೂ ಬೇಡ. ನಮ್ಮ ಶಾಲೆ ಮಕ್ಕಳಿಗೆ ಹೀಗೇ ಹೇಳಿಕೊಟ್ಟಿದ್ದೇನೆ.

ಆರೋಗ್ಯವೇ_ಭಾಗ್ಯ_88
ಅದು ಗ್ಯಾನೋಡರ್ಮಾ!! ಚಿನ್ನದ ಬೆಲೆ. ಸಕ್ಕರೆ, ಬಿಪಿ, ಮಂಡಿ ನೋವು ಎಲ್ಲದಕ್ಕೂ ರಾಮಬಾಣ. ಗ್ಯಾನೋಡರ್ಮಾ ಕಾಫಿಪುಡಿ ಬೇಕಾದವರು ಇನ್‌ಬಾಕ್ಸ್ ಮಾಡಿ. ಜೊತೆಗೆ ಮನೆಯಲ್ಲೇ ಕೂತು ಸಂಪಾದನೆಗೂ ಅವಕಾಶ ಇದೆ.

ಅಗ್ರಹಾರ_ಸರ್ಕಲ್
ಬಂದರು ನೋಡಿ.

ಕೆರೆದಂಡೆ_ವಾಕರ್
ಟೀಚರ್ ಹೇಳಿದ ಹಾಗೆ ಮಾಡಿದೆ. ದೊಡ್ಡದರ ಕೆಳಭಾಗ ಬೆಳ್ಳಗಿದೆ. ಮೊದಲು ನುಣುಪು ಅನ್ನಿಸಿತು, ಝೂಮ್ ಮಾಡಿದರೆ ಸೂಜಿ ಚುಚ್ಚಿದಷ್ಟು ಸಣ್ಣ ರಂಧ್ರಗಳು. ಉಗುರಲ್ಲಿ ಗೀಚಿದೆ, ಗೀಚಿದ ಜಾಗ ಕಂದಾಯಿತು. ಮೇಲಿನ ಕಂದು ಧೂಳನ್ನು ಕರ್ಚೀಫಿನಲ್ಲಿ ಒರೆಸಿದರೆ ಕೆಂಪು ಮಿಶ್ರಿತ ಕಂದು ಮೈ, ವಾರ್ನಿಷ್ ಹೊಡೆದಂತೆ ಹೊಳೆಯುತ್ತೆ. ಅದೇ ಧೂಳು ಸುತ್ತಲಿನ ಎಲೆಗಳ ಮೇಲೂ ಕೂತಿದೆ. ದಾರಿಯ ಮಣ್ಣು ಇರಬೇಕು.

ಒಂದು ವಿಚಿತ್ರ ಕಂಡೆ. ಒಂದು ಗರಿಕೆ ಎಸಳು ಅಣಬೆಯ ಮಧ್ಯದಿಂದ ತೂರಿ ಮೇಲೆ ಬಂದಿದೆ. ಎಸಳು ಬಾಗಿಲ್ಲ, ಬಾಡಿಲ್ಲ, ಹಸಿರಾಗಿದೆ. ಹುಲ್ಲು ಇಷ್ಟು ಗಟ್ಟಿ ಅಣಬೆಯನ್ನು ಹೇಗೆ ಕೊರೆಯಿತು?

ಮರದ ಕೆಳಗೆ ಉದ್ದನೆಯ ಚಪ್ಪಟೆ ಕರಿ ಕಾಯಿಗಳು ಬಿದ್ದಿವೆ. ಎಲೆ ಹುಣಸೆ ಎಲೆ ತರಹ ಸಣ್ಣದು.

ಮೇಲುಕೋಟೆ_ಪುಳಿಯೋಗರೆ
ಕತ್ತಿಕಾಯಿ ಮರ! ಅಂದರೆ ಗುಲ್‌ಮೊಹರ್. ಆ ಕಾಯಿ ಹಿಡಿದು ಕತ್ತಿವರಸೆ ಆಡದ ಮೈಸೂರು ಹುಡುಗರೇ ಇಲ್ಲ.

ಗಂಗೋತ್ರಿ_ಹಳಬ
ವಾಕರ್ ಅವರೇ, ಈಗ ಕೇಸ್ ಬಗೆಹರಿಯಿತು. ಹುಲ್ಲು ಅಣಬೆಯನ್ನು ಕೊರೆದಿಲ್ಲ, ಅಣಬೆಯೇ ಹುಲ್ಲನ್ನು ಸುತ್ತುವರಿದು ಬೆಳೆದಿದೆ. ಬ್ರಾಕೆಟ್ ಅಣಬೆ ಬೆಳೆಯುವುದು ಅಂಚಿನಲ್ಲಿ, ನಿಧಾನವಾಗಿ, ಪದರ ಪದರವಾಗಿ. ನೀವು ಕಂಡ ಬಿಳಿ ಅಂಚು ಈಗ ಬೆಳೆಯುತ್ತಿರುವ ಭಾಗ. ದಾರಿಗೆ ಅಡ್ಡ ಬಂದ ಹುಲ್ಲು, ಕಡ್ಡಿಯನ್ನು ತಳ್ಳದೆ ಒಳಗೇ ಸೇರಿಸಿಕೊಳ್ಳುತ್ತೆ.

ಆ ಧೂಳು ರಸ್ತೆಯದ್ದಲ್ಲ. ಕಾಫಿಪುಡಿ ಬಣ್ಣದ ಬೀಜಕಗಳು, ಅಂದರೆ ಅಣಬೆಯ ಬೀಜದಂಥ ಕಣಗಳು. ರಂಧ್ರಗಳಿಂದ ಉದುರಿ, ಗಾಳಿಗೆ ಮೇಲೆದ್ದು ಅಣಬೆಯ ಬೆನ್ನ ಮೇಲೇ ಕೂರುತ್ತವೆ. ಕಂದು ಬೀಜಕ, ಗೀಚಿದರೆ ಕಂದಾಗುವ ಬಿಳಿ ಕೆಳಭಾಗ, ಹೊಳೆಯುವ ಮೈ, ಜೀವಂತ ಗುಲ್‌ಮೊಹರ್ ಬುಡ. ಇಷ್ಟೂ ಒಟ್ಟಿಗೆ ಸಿಕ್ಕರೆ ಗ್ಯಾನೋಡರ್ಮಾ. ಕಾಫಿಪುಡಿಯವರು ಹೆಸರು ಸರಿಯಾಗಿಯೇ ಹೇಳಿದ್ದಾರೆ, ಮಿಕ್ಕಿದ್ದು ವ್ಯಾಪಾರ.

ಸರಸ್ವತಿಪುರಂ_ಹುಡುಗ
ಗ್ಯಾನೋಡರ್ಮಾದಲ್ಲಿ ಯಾವುದು? ಲುಸಿಡಮ್ ಅಲ್ವಾ? ನೆಟ್‌ನಲ್ಲಿ ಎಲ್ಲಾ ಕಡೆ ಅದೇ ಇದೆ.

ಗಂಗೋತ್ರಿ_ಹಳಬ
ಅಲ್ಲೇ ನಿಲ್ಲಬೇಕು. ಲುಸಿಡಮ್ ಅನ್ನೋ ಹೆಸರು ಮೊದಲು ಇಟ್ಟಿದ್ದು 1781ರಲ್ಲಿ, ಇಂಗ್ಲೆಂಡಿನ ಅಣಬೆಗೆ. ಆಮೇಲೆ ಪ್ರಪಂಚದಲ್ಲಿ ಕೆಂಪಗೆ ಹೊಳೆಯುವ ಗ್ಯಾನೋಡರ್ಮಾ ಎಲ್ಲಿ ಕಂಡರೂ ಅದೇ ಹೆಸರು ಹಚ್ಚಿದರು. ಚೀನಾದವರ ಪ್ರಸಿದ್ಧ ಔಷಧಿ ಅಣಬೆ 'ಲಿಂಗ್‌ಝಿ' ಕೂಡ ಬೇರೆ ಜಾತಿ ಅಂತ 2012ರಲ್ಲಿ ಪ್ರತ್ಯೇಕ ಹೆಸರು ಕೊಟ್ಟರು. ನಮ್ಮ ಕಡೆಯದ್ದನ್ನು ಮೈಕ್ರೋಸ್ಕೋಪು, ಡಿಎನ್‌ಎ ಇಲ್ಲದೆ ಜಾತಿ ಮಟ್ಟಕ್ಕೆ ಹೇಳುವುದು ಬರೀ ಊಹೆ. 'ಗ್ಯಾನೋಡರ್ಮಾ, ಹೊಳೆಯುವ ಗುಂಪು' ಅಂತ ಬರೆದುಕೊಳ್ಳಿ, ಸಾಕು.

ಅಗ್ರಹಾರ_ಸರ್ಕಲ್
ಹೆಸರು ಗೊತ್ತಾಗಿ ಏನಾಗಬೇಕು? ಕಿತ್ತು ಬಿಸಾಕಿ ಬುಡಕ್ಕೆ ಸುಣ್ಣ ಬಳಿದರೆ ಆಯಿತು. ನಮ್ಮ ತಾತ ಹಾಗೇ ಮಾಡುತ್ತಿದ್ದರು.

ಜೀವಶಾಸ್ತ್ರ_ಟೀಚರ್
ತಾತನ ಕಾಲದ ಮರ ಈಗಲೂ ಇದೆಯಾ ಸಾರ್? ಹೊರಗೆ ಕಾಣುವುದು ಬರೀ ಫಲ. ಅಣಬೆಯ ಮೈ ದಾರದಂತಹ ಎಳೆಗಳಾಗಿ ಮರದ ಒಳಗೆ, ಬೇರಿನೊಳಗೆ ಹರಡಿರುತ್ತೆ. ಮಾವಿನಕಾಯಿ ಕಿತ್ತರೆ ಮಾವಿನ ಮರ ಸಾಯಲ್ಲವಲ್ಲ.

ಅಗ್ರಹಾರ_ಸರ್ಕಲ್
ತಾತನ ಮರವನ್ನು ಪಾಲು ಮಾಡಿದಾಗ ಚಿಕ್ಕಪ್ಪ ಕಡಿಸಿದರು. ಅದಕ್ಕೆ ಸುಣ್ಣ ಏನು ಮಾಡಕ್ಕಾಗುತ್ತೆ!

ಮರಗೆಲಸ_ಹೆಬ್ಬಾಳ
ನಾನು ಬಡಗಿ. ಓದಿದವನಲ್ಲ, ಆದರೆ ಕೊಳೆತ ಮರ ಕೊಯ್ದು ನೋಡಿದ್ದೇನೆ. ಎರಡು ತರಹ ಇದೆ. ಒಂದು ಕೊಳೆತಾಗ ಬೆಳ್ಳಗೆ, ನಾರು ನಾರಾಗಿ, ಒದ್ದೆ ಸ್ಪಂಜಿನ ಹಾಗೆ ಮೆತ್ತಗಾಗುತ್ತೆ. ಇನ್ನೊಂದು ಕಂದಗೆ ಒಣಗಿ, ಚೌಕ ಚೌಕವಾಗಿ ಬಿರುಕು ಬಿಟ್ಟು, ಕೈಯಲ್ಲಿ ಹಿಸುಕಿದರೆ ಪುಡಿ. ಎರಡೂ ಅಣಬೆ ಕೆಲಸವೇನಾ?

ಜೀವಶಾಸ್ತ್ರ_ಟೀಚರ್
ಎರಡೂ ಅಣಬೆಯದ್ದೇ. ಮರ ಗಟ್ಟಿ ಇರೋದು ಸೆಲ್ಯುಲೋಸ್ ಮತ್ತು ಲಿಗ್ನಿನ್ ಸೇರಿ. ಲಿಗ್ನಿನ್‌ ಅನ್ನೂ ಅರಗಿಸಿಕೊಳ್ಳುವ ಅಣಬೆ ಬಂದರೆ ನೀವು ಹೇಳಿದ ಮೊದಲನೆಯದು, ಬಿಳಿ ಕೊಳೆ. ಸೆಲ್ಯುಲೋಸ್ ತಿಂದು ಲಿಗ್ನಿನ್ ಹೆಚ್ಚುಕಡಿಮೆ ಹಾಗೇ ಬಿಟ್ಟರೆ ಎರಡನೆಯದು, ಕಂದು ಕೊಳೆ. ಗ್ಯಾನೋಡರ್ಮಾ ಬಿಳಿ ಕೊಳೆ ತರುವ ಗುಂಪು. ನೀವು ಮರದ ಒಳಗೆ ನೋಡಿದ್ದನ್ನು ನಾವು ಪುಸ್ತಕದಲ್ಲಿ ಓದಿದ್ದೇವೆ, ಅಷ್ಟೇ ವ್ಯತ್ಯಾಸ.

ತೆಂಗು_ಕಬ್ಬು_ಮಂಡ್ಯ
ನೀವೆಲ್ಲ ಕೆರೆ ದಂಡೆಯಲ್ಲಿ ಚೆಂದ ನೋಡ್ತಾ ಇದ್ದೀರಿ. ನಮ್ಮ ತೋಟಕ್ಕೆ ಬಂದು ನೋಡಿ. ತೆಂಗಿಗೆ ಅಣಬೆ ರೋಗ ಅಂತ ಇದೆಯಲ್ಲ, ಅದೂ ಇದೇ ಗ್ಯಾನೋಡರ್ಮಾ. ಮೊದಲು ಬುಡದ ಹತ್ತಿರ ಕಾಂಡ ಬಿರಿದು ಕೆಂಪು ಕಂದು ರಸ ಸೋರುತ್ತೆ. ಜನ ಅದನ್ನು ಗಮನಿಸೋದೇ ಇಲ್ಲ. ಆಮೇಲೆ ಕೆಳಗಿನ ಗರಿ ಜೋತು ಬಿದ್ದು ಕಾಂಡಕ್ಕೆ ಅಂಟಿಕೊಳ್ಳುತ್ತೆ, ಕಾಯಿ ಕಡಿಮೆಯಾಗುತ್ತೆ, ಸುಳಿ ಸಣ್ಣಗಾಗುತ್ತೆ. ಅಣಬೆ ಕಾಣೋದು ಕೊನೆಗೆ. ಅಷ್ಟೊತ್ತಿಗೆ ಮರ ಹೋದಂಗೇ ಲೆಕ್ಕ.

ತಮಿಳುನಾಡಿನಲ್ಲಿ ಇದಕ್ಕೆ ತಂಜಾವೂರು ರೋಗ ಅಂತಾರೆ. 1952ರ ಚಂಡಮಾರುತ ಆದಮೇಲೆ ಅಲ್ಲಿ ಜೋರಾಗಿ ಕಾಣಿಸಿತಂತೆ.

ಸರಸ್ವತಿಪುರಂ_ಹುಡುಗ
ಅಣ್ಣ, ಇದಕ್ಕೆ ಔಷಧಿ ಇಲ್ವಾ?

ತೆಂಗು_ಕಬ್ಬು_ಮಂಡ್ಯ
ಪೂರ್ತಿ ಹಿಡಿದ ಮರಕ್ಕೆ ಇಲ್ಲ ಕಣಪ್ಪ. ಪಕ್ಕದ್ದನ್ನು ಉಳಿಸಿಕೊಳ್ಳಬೇಕು. ರೋಗದ ಮರದ ಸುತ್ತ ನಾಲ್ಕಡಿ ದೂರದಲ್ಲಿ ಎರಡಡಿ ಆಳ, ಒಂದಡಿ ಅಗಲದ ಚರಂಡಿ ತೋಡಬೇಕು, ಬೇರಿನಿಂದ ಬೇರಿಗೆ ದಾಟದ ಹಾಗೆ. ಮರಕ್ಕೆ ವರ್ಷಕ್ಕೆ ಐದು ಕೆಜಿ ಬೇವಿನ ಹಿಂಡಿ, ಜೊತೆಗೆ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಇನ್ನೊಂದು ಶಿಲೀಂಧ್ರ. ಬುಡಕ್ಕೆ ಶೇ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ನಲವತ್ತು ಲೀಟರ್ ಹೊಯ್ಯಬೇಕು. ಬುಡದ ಹತ್ತಿರ ಉಳಬಾರದು, ಬೇರು ಗಾಯವಾಗುತ್ತೆ.

ಎಲ್ಲಕ್ಕಿಂತ ಮುಖ್ಯ ನೀರು. ನಾಲೆ ನೀರು ಬಂತು ಅಂತ ನಾವು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹರಿಸ್ತಾ ಹೋಗ್ತೀವಲ್ಲ, ರೋಗವನ್ನೂ ಅದರ ಜೊತೆಗೆ ಕಳಿಸಿದಂಗೆ. ಒಂದೊಂದು ಪಾತಿಗೂ ಬೇರೆ ನೀರು ಕಟ್ಟಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನವರು ಎಷ್ಟು ಸಲ ಹೇಳಿದರೂ ನಮ್ಮೋರು ಕೇಳಲ್ಲ. ನೀರು ಬಿಡೋದು ಯಾವಾಗಲೋ ಒಂದಿನ, ಅವತ್ತು ಯಾರಿಗೆ ತಾಳ್ಮೆ ಇರುತ್ತೆ?

ಗಂಗೋತ್ರಿ_ಹಳಬ
ಇಂಥ ಮಾತಿಗೇ ಈ ವೇದಿಕೆಗೆ ಬರೋದು. ವಾಕರ್ ಅವರ ಗುಲ್‌ಮೊಹರ್‌ಗೂ ಇದೇ ಪಾಠ. ಸಾಮಾನ್ಯವಾಗಿ ಬೇರಿನ ಗಾಯದಿಂದಲೇ ಒಳಗೆ ನುಗ್ಗುತ್ತೆ.

ಮರಗೆಲಸ_ಹೆಬ್ಬಾಳ
ಗಾಯಕ್ಕೇನು ಬರ ಇದೆಯಾ? ನಮ್ಮ ಬೀದಿಯಲ್ಲಿ ಪೈಪ್ ಹಾಕೋಕೆ ಬಂದವರು ಜೆಸಿಬಿಯಲ್ಲಿ ಹೊಂಗೆ ಮರದ ಒಂದು ಪಕ್ಕದ ಬೇರು ಪೂರ್ತಿ ಕತ್ತರಿಸಿ, ಮೇಲೆ ಕಾಂಕ್ರೀಟ್ ಹಾಕಿ ಹೋದರು. ಅದೇ ಪಕ್ಕದಲ್ಲಿ ಈಗ ಅಣಬೆ ಎದ್ದಿದೆ.

ಅಗ್ರಹಾರ_ಸರ್ಕಲ್
ಹಾಗಾದರೆ ಅಣಬೆ ಬಂದ ಮರವನ್ನೆಲ್ಲ ಕಡಿಸಿಬಿಡೋದೇ ಒಳ್ಳೇದು. ಜನರ ತಲೆ ಮೇಲೆ ಬೀಳೋ ತನಕ ಕಾಯೋದಾ?

ಮೇಲುಕೋಟೆ_ಪುಳಿಯೋಗರೆ
ಇದೇ ಬೇಡ ಅನ್ನೋದು! ಅಣಬೆ ಕಂಡ ಮರವೆಲ್ಲ ಬೀಳಲ್ಲ. ಒಣಕೊಂಬೆ ತಿನ್ನುವ ಅಣಬೆ ಜೀವಂತ ಮರಕ್ಕೆ ಏನೂ ಮಾಡಲ್ಲ. ಕುಟ್ರುಹಕ್ಕಿ ಗೂಡು ಕೊರೆಯೋದು ಯಾವ ಮರದಲ್ಲಿ ಅಂದುಕೊಂಡಿದ್ದೀರಿ? ಕೊಳೆತು ಮೆತ್ತಗಾದ ಕೊಂಬೆಯಲ್ಲಿ. ಅದು ಬಿಟ್ಟ ತೂತಿಗೆ ಮೈನಾ ಬರುತ್ತೆ. ಕಾಡಿನಲ್ಲಿ ಅಣಬೆ ಇಲ್ಲದಿದ್ದರೆ ಬಿದ್ದ ಮರಗಳು ಹಾಗೇ ಒಟ್ಟಿಕೊಂಡಿರುತ್ತಿದ್ದವು.

ಅಗ್ರಹಾರ_ಸರ್ಕಲ್
ಕಾಡು ಬೇರೆ, ವಾಕಿಂಗ್ ದಾರಿ ಬೇರೆ. ಹಕ್ಕಿಗೆ ಗೂಡು ಬೇಕು ಸರಿ, ನನಗೂ ತಲೆ ಬೇಕು.

ಗಂಗೋತ್ರಿ_ಹಳಬ
ಇಬ್ಬರದೂ ಸರಿ. ಅಣಬೆ ಎಲ್ಲಿದೆ ಅನ್ನೋದನ್ನು ನೋಡಬೇಕು. ಮೇಲಿನ ಒಣಕೊಂಬೆಯಲ್ಲಿದ್ದರೆ ಆ ಕೊಂಬೆಯಷ್ಟೇ ಚಿಂತೆ. ನಡು ಕಾಂಡದಲ್ಲಿದ್ದರೆ ಒಳಗಿನ ಚೇಗು (ನಡುವಿನ ಗಟ್ಟಿ ಮರ) ಕೊಳೆಯುತ್ತಿರಬಹುದು. ಹೊರಗೋಡೆ ದಪ್ಪ ಇದ್ದರೆ ಪೊಳ್ಳು ಮರವೂ ಬಹಳ ವರ್ಷ ನಿಂತಿರುತ್ತೆ. ಬುಡದಲ್ಲಿ, ಬೇರಿನ ಮೇಲೆ ಗ್ಯಾನೋಡರ್ಮಾ ಎದ್ದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮರವನ್ನು ಹಿಡಿದು ನಿಲ್ಲಿಸುವ ಬೇರೇ ಹೋಗುತ್ತಿರುತ್ತೆ. ಎಲೆ ಹಸಿರಿದೆ ಅಂತ ಧೈರ್ಯ ಬೇಡ, ನೀರು ಏರುವ ಹೊರಪದರ ಚೆನ್ನಾಗಿದ್ದರೆ ಎಲೆ ಹಸಿರಾಗೇ ಇರುತ್ತೆ.

ವಾಕರ್ ಅವರೇ, ಮರ ಒಂದು ಕಡೆ ವಾಲಿದೆಯಾ, ಬುಡದ ಮಣ್ಣು ಒಂದು ಪಕ್ಕ ಎದ್ದು ಬಿರುಕು ಬಿಟ್ಟಿದೆಯಾ, ತುದಿಯ ಕೊಂಬೆಗಳು ಒಣಗುತ್ತಿವೆಯಾ ನೋಡಿ. ಹೆಬ್ಬಾಳದ ಬಡಗಿ ಅಣ್ಣ ಬಂದು ಮರದ ಸುತ್ತಿಗೆಯಲ್ಲಿ ತಟ್ಟಿ ನೋಡಿದರೆ ಇನ್ನೂ ಒಳ್ಳೆಯದು. ಗುಲ್‌ಮೊಹರ್‌ಗೆ ಬೇರು ಮೇಲೇ ಹರಡಿರುತ್ತೆ, ಮರವೂ ಗಟ್ಟಿಯಲ್ಲ. ಕಡಿಯೋ ನಿರ್ಧಾರ ನಮ್ಮದಲ್ಲ, 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ನಾವು ಲಿಖಿತವಾಗಿ ತಿಳಿಸಬಹುದು.

ಕೆರೆದಂಡೆ_ವಾಕರ್
ಮಣ್ಣು ಎದ್ದಿಲ್ಲ. ವಾಲಿರೋದು ಸ್ವಲ್ಪ ಇದೆ, ಕೆರೆ ಕಡೆಗೆ. ತುದಿಯಲ್ಲಿ ಒಣಕೊಂಬೆಗಳಿವೆ. ಪತ್ರ ಬರೆಯುತ್ತೇನೆ. ಉಳಿದ ಎರಡು ಅಣಬೆ ಬಗ್ಗೆ ಯಾರೂ ಹೇಳಲೇ ಇಲ್ಲ!

ಜೀವಶಾಸ್ತ್ರ_ಟೀಚರ್
ಕಿತ್ತಳೆಯದ್ದು ಪಿಕ್ನೊಪೋರಸ್. ಮೇಲೆ ಕೆಳಗೆ ಎರಡೂ ಕಡೆ ಅದೇ ಬಣ್ಣ, ತೆಳು ತೊಗಲಿನಷ್ಟು ದಪ್ಪ, ಒಣ ಮರದ ಮೇಲೆ ಅಂದರೆ ಬಹುಪಾಲು ಅದೇ. ಬಿಸಿಲು ಬೀಳುವ ಒಣ ದಿಮ್ಮಿಗಳ ಮೇಲೆ ಜಾಸ್ತಿ. ಹಳೆಯದಾದರೆ ಬಣ್ಣ ಮಾಸುತ್ತೆ.

ರೋಮದ್ದು ಸ್ಕೈಜೊಫಿಲಮ್. ಅದು ನಿಜವಾಗಿ ಈ ಪಾಲಿಪೋರ್ ಗುಂಪಿನದ್ದಲ್ಲ. ಕೆಳಗೆ ರಂಧ್ರದ ಬದಲು ಗೀರುಗಳಿರುತ್ತವೆ, ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಗೀರಿನ ಅಂಚೂ ಉದ್ದಕ್ಕೆ ಎರಡಾಗಿ ಸೀಳಿದೆ. ಒಣಗಿದಾಗ ಆ ಸೀಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತೆ, ಮಳೆ ಬಿದ್ದರೆ ಬಿಚ್ಚಿಕೊಂಡು ಮತ್ತೆ ಬೀಜಕ ಉದುರಿಸುತ್ತೆ. ಒಣಗಿದ್ದನ್ನು ತಂದು ಒದ್ದೆ ಬಟ್ಟೆ ಮೇಲಿಟ್ಟು ಮಕ್ಕಳಿಗೆ ತೋರಿಸಿ, ಪಾಠವೇ ಬೇಡ.

ಸರಸ್ವತಿಪುರಂ_ಹುಡುಗ
ತಿನ್ನಬಹುದಾ?

ಮೇಲುಕೋಟೆ_ಪುಳಿಯೋಗರೆ
ಇನ್ನೂ ಯಾರೂ ಕೇಳಲಿಲ್ಲವಲ್ಲ ಅಂತ ಕಾಯುತ್ತಿದ್ದೆ.

ಜೀವಶಾಸ್ತ್ರ_ಟೀಚರ್
ಸ್ಕೈಜೊಫಿಲಮ್ ಅನ್ನು ಮಣಿಪುರದಲ್ಲಿ 'ಕಾಂಗ್ಲಾಯೆನ್' ಅಂತ ಅಡುಗೆಗೆ ಹಾಕುತ್ತಾರೆ. ಅವರಿಗೆ ತಲೆಮಾರುಗಳಿಂದ ಗುರುತಿದೆ. ನೀನು ಈ ಚರ್ಚೆ ಓದಿ ಒಲೆ ಹಚ್ಚಬೇಡ. ಹುತ್ತದ ಅಣಬೆಯನ್ನೇ ಗೊತ್ತಿರೋರ ಕೈಯಲ್ಲಿ ಕೀಳಿಸಿ ತಿನ್ನಬೇಕು.

ತೆಂಗು_ಕಬ್ಬು_ಮಂಡ್ಯ
ಹುತ್ತದ ಅಣಬೆ ಸಾರು, ಬಿಸಿ ಮುದ್ದೆ... ಯಾಕೆ ನೆನಪಿಸಿದಿರಿ ಮೇಡಂ. ಈಗ ಸಂತೆಯಲ್ಲೂ ಅಪರೂಪ.

ಆರೋಗ್ಯವೇ_ಭಾಗ್ಯ_88
ಅದಕ್ಕೇ ಹೇಳೋದು, ಪ್ಯಾಕ್ ಮಾಡಿದ್ದು ಸುರಕ್ಷಿತ. ಗ್ಯಾನೋಡರ್ಮಾ ಕಾಫಿ ದಿನಕ್ಕೆ ಎರಡು ಕಪ್...

ಗಂಗೋತ್ರಿ_ಹಳಬ
ಎಲ್ಲ ರೋಗಕ್ಕೂ ಒಂದೇ ಪುಡಿ ಅನ್ನೋರನ್ನು ನಂಬಬೇಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳೋರು, ಶಸ್ತ್ರಚಿಕಿತ್ಸೆ ಇರೋರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮರದ ಬುಡದ್ದನ್ನು ಕಿತ್ತು ಕಷಾಯ ಮಾಡೋ ಯೋಚನೆಯಂತೂ ಬೇಡವೇ ಬೇಡ.

ನಿರ್ವಾಹಕ
ಆರೋಗ್ಯವೇ_ಭಾಗ್ಯ_88, ಇಲ್ಲಿ ಮಾರಾಟ ಬೇಡ. ಇನ್ನೊಂದು ಸಲ ಆದರೆ ಖಾತೆ ಬಂದ್.

ಮೇಲುಕೋಟೆ_ಪುಳಿಯೋಗರೆ
ನನ್ನದೊಂದು. ಮೇಲುಕೋಟೆ ಕಡೆ ಕುರುಚಲು ಕಾಡಿನಲ್ಲಿ ಒಣಕಡ್ಡಿಗಳ ಮೇಲೆ ತೆಳ್ಳನೆಯ ಕಂದು ಅಣಬೆ ನೋಡಿದ್ದೇನೆ. ಕೆಳಗೆ ತಿರುಗಿಸಿದರೆ ಆರು ಮೂಲೆಯ ದೊಡ್ಡ ದೊಡ್ಡ ರಂಧ್ರ, ಬರಿಗಣ್ಣಿಗೇ ಕಾಣುತ್ತೆ. ಹೆಕ್ಸಗೋನಿಯಾ ಅಂದುಕೊಂಡಿದ್ದೇನೆ. ಇನ್ನೊಂದು ವಿಷಯ: ಬಿದ್ದ ಮರವೊಂದರಲ್ಲಿ ಕೆಲವು ಗಟ್ಟಿ ಅಣಬೆ ಗೋಡೆಗೆ ಹೊಡೆದ ಹಲಗೆಯಂತೆ ಲಂಬವಾಗಿ ನಿಂತಿದ್ದವು, ಪಕ್ಕದಲ್ಲೇ ಕೆಲವು ನೆಲಕ್ಕೆ ಸಮವಾಗಿದ್ದವು. ಯಾಕೆ ಹಾಗೆ?

ಗಂಗೋತ್ರಿ_ಹಳಬ
ಹೆಕ್ಸಗೋನಿಯಾ ಸರಿ. ಎರಡನೆಯದು ಚೆನ್ನಾಗಿ ಗಮನಿಸಿದ್ದೀರಿ. ಬೀಜಕ ನೇರ ಕೆಳಗೆ ಉದುರಬೇಕು, ಹಾಗಾಗಿ ರಂಧ್ರದ ಭಾಗ ಯಾವಾಗಲೂ ನೆಲದ ಕಡೆಗೇ ಇರಬೇಕು. ಲಂಬವಾಗಿ ನಿಂತಿದ್ದು ಮರ ನಿಂತಿದ್ದಾಗ ಬೆಳೆದದ್ದು, ಸಮವಾಗಿರೋದು ಮರ ಬಿದ್ದ ಮೇಲೆ ಬಂದದ್ದು. ಕೆಲವು ಹಳೆಯದರ ಅಂಚಿನಲ್ಲೇ ಹೊಸ ಬೆಳವಣಿಗೆ ತಿರುಗಿಕೊಂಡಿರುತ್ತೆ, ಹುಡುಕಿ ನೋಡಿ.

ಮೇಲುಕೋಟೆ ವನ್ಯಜೀವಿಧಾಮದೊಳಗೆ, ಚಾಮುಂಡಿ ಬೆಟ್ಟದ ಕಾಡಿನಲ್ಲಿ ಏನನ್ನೂ ಕೀಳಬೇಡಿ. ಫೋಟೊ ಸಾಕು. ಮೇಲೆ, ಕೆಳಗೆ, ಪಕ್ಕದಿಂದ, ಇಡೀ ಮರದ್ದು, ಎಲೆಯದ್ದು.

ಸರಸ್ವತಿಪುರಂ_ಹುಡುಗ
ನಮ್ಮ ಹಿತ್ತಲಿನ ಸತ್ತ ನುಗ್ಗೆ ಮರದಲ್ಲಿ ಇದೆ. ಅದನ್ನು ಕೀಳಬಹುದಾ?

ಜೀವಶಾಸ್ತ್ರ_ಟೀಚರ್
ನಿಮ್ಮ ಹಿತ್ತಲು, ನಿಮ್ಮ ನುಗ್ಗೆ, ಧಾರಾಳವಾಗಿ. ಒಂದು ತುಂಡು ಕತ್ತರಿಸಿ ರಂಧ್ರ ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಡು. ಮೇಲೆ ಬಟ್ಟಲು ಮುಚ್ಚು. ಬೆಳಗ್ಗೆ ಪುಡಿ ಉದುರಿದ್ದರೆ ಬಣ್ಣ ನೋಡು. ಬಿಳಿಯಾದರೆ ಕಪ್ಪಿನ ಮೇಲೆ, ಕಂದಾದರೆ ಬಿಳಿಯ ಮೇಲೆ ಕಾಣುತ್ತೆ. ಒಣಗಿದ ಹಳೇ ಅಣಬೆಯಲ್ಲಿ ಏನೂ ಬರಲ್ಲ, ಹೊಸದು ಬೇಕು. ಅಮ್ಮನ ಒಳ್ಳೇ ಬಟ್ಟಲು ಮುಟ್ಟಬೇಡ.

ತೆಂಗು_ಕಬ್ಬು_ಮಂಡ್ಯ
ಹಳಬರೇ, ಒಂದು ಪ್ರಶ್ನೆ. ಸತ್ತ ತೆಂಗು ತೆಗೆದ ಗುಂಡಿಗೇ ಹೊಸ ಸಸಿ ಇಡಬಹುದಾ?

ಗಂಗೋತ್ರಿ_ಹಳಬ
ಬೇಡ. ಮೊದಲು ಬೊಡ್ಡೆ, ಬೇರು ಸಮೇತ ಅಗೆದು ತೆಗೆದು ಸುಟ್ಟುಬಿಡಿ. ಮಣ್ಣಲ್ಲಿ ಉಳಿದ ಬೇರಿನ ಚೂರಲ್ಲೂ ಶಿಲೀಂಧ್ರ ಬದುಕಿರುತ್ತೆ. ಹೊಸ ಸಸಿ ಬೇರೆ ಜಾಗದಲ್ಲಿ ಇಡಿ, ನಡುವೆ ಬಾಳೆ ಹಾಕಿ. ಈ ರೋಗ ಇರುವ ತೋಟಕ್ಕೆ ಬಾಳೆಯ ಮಿಶ್ರಬೆಳೆಯನ್ನೇ ಹೇಳುತ್ತಾರೆ.

ತೆಂಗು_ಕಬ್ಬು_ಮಂಡ್ಯ
ನಾನೇನೋ ತೆಗೆಸಿದೆ. ಪಕ್ಕದ ತೋಟದೋನು ಸತ್ತ ಮರ ಕಡಿದು ಬೊಡ್ಡೆ ಹಾಗೇ ಬಿಟ್ಟಿದ್ದಾನೆ. ನನ್ನ ಭಾಮೈದನೇ. ನಾನು ಹೇಳಿದರೆ 'ಭಾವ, ನಿಮಗೇನು ಗೊತ್ತು' ಅಂತಾನೆ. ಇದನ್ನೆಲ್ಲ ಪ್ರಿಂಟ್ ತೆಗೆಸಿ ಅವನ ಕೈಗೆ ಕೊಡ್ತೀನಿ.

ಅಗ್ರಹಾರ_ಸರ್ಕಲ್
ಕೊಡೋ ಮುಂಚೆ ಕಾಫಿಪುಡಿ ಭಾಗ ಹರಿದುಬಿಡಿ. ಇಲ್ಲಾಂದ್ರೆ ಬೊಡ್ಡೆ ಇಟ್ಟುಕೊಂಡು ವ್ಯಾಪಾರ ಶುರು ಮಾಡಿಬಿಡ್ತಾನೆ.